ವಿದ್ಯಾರ್ಥಿನಿಲಯಗಳಲ್ಲಿ ಸಾಂಕ್ರಾಮಿಕ ರೋಗ: ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯದ ಎರಡು ಪರೀಕ್ಷಾಕಾಲಗಳು

೧

ವಿದ್ಯಾರ್ಥಿಗಳು ಗುರುಗಳ ಸಮೀಪದಲ್ಲಿಯೇ ವಾಸಮಾಡಿಕೊಂಡು ವಿದ್ಯೆಯನ್ನು ಕಲಿಯಬೇಕೆಂಬುದು ಪೂರ್ವಪಶ್ಚಿಮ ದೇಶಗಳೆರಡರಲ್ಲಿಯೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಒಂದೇ ಮಾಡಿನ ಕೆಳಗೆ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಹಗಲಿರುಳೂ ಒಬ್ಬರೊಡನೊಬ್ಬರು ಮಾತನಾಡುತ್ತಿರುವುದರಿಂದ ಬರುವ ಸಂಸ್ಕಾರವು ಕೇವಲ ಪಾಠಶ್ರವಣದಿಂದ ಬಾರದು. ಆದರೆ ಯಾವ ಸಹವಾಸದಿಂದ ವಿದ್ಯೆಯು ಹರಡುವುದೋ ಅದೇ ಸಹವಾಸದಿಂದ ರೋಗವೂ ಹರಡುವುದು. ಆದುದರಿಂದ ಸಾಂಕ್ರಾಮಿಕವು ತಲೆದೋರಿದಾಗಲೆಲ್ಲ ವಿದ್ಯಾಪೀಠಗಳ ಅಧಿಕಾರಿಗಳ ಮುಂದೆ ಮೂರು ಮಾರ್ಗಗಳು ಕಾಣಿಸಿಕೊಂಡಿವೆ. ವಿದ್ಯಾರ್ಥಿಗಳನ್ನು ಅವರವರ ಮನೆಗಳಿಗೆ ಕಳುಹಿಸಿಬಿಡುವುದು ಒಂದು. ಬಾಗಿಲನ್ನು ಮುಚ್ಚಿ ಯಾರೂ ಹೊರಗೆ ಹೋಗದಂತೆ, ಒಳಗೆ ಬಾರದಂತೆ ಕಾಯುವುದು ಎರಡನೆಯದು. ರೋಗವುಳ್ಳವರನ್ನು ಹುಡುಕಿ ತೆಗೆದು ಬೇರೆ ಇರಿಸಿ ಉಳಿದವರ ವ್ಯಾಸಂಗವನ್ನು ನಡೆಸುವುದು ಮೂರನೆಯದು.

ಇವುಗಳಲ್ಲಿ ಮೊದಲನೆಯದೇ ಅತ್ಯಂತ ಪ್ರಾಚೀನವಾದುದು. ೧೬೬೫ರಲ್ಲಿ ಪ್ಲೇಗು ಬಂದಾಗ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳನ್ನು ಚದುರಿಸಿತು. ಯುವಕನಾದ ನ್ಯೂಟನ್ನನು ವೂಲ್ಸ್‌ತೋರ್ಪಿನ ತನ್ನ ಮನೆಗೆ ಹೋಗಿ, ೧೬೬೭ರಲ್ಲಿ ಹಿಂದಿರುಗಿದನು. ಪ್ಲೇಗು ವೈರಸ್ಸಿನಿಂದ ಬರುವ ರೋಗವಲ್ಲದಿದ್ದರೂ ನೆರೆದವರನ್ನು ಚದುರಿಸುವ ಉಪಾಯವು ಎಲ್ಲ ಸಾಂಕ್ರಾಮಿಕಗಳಿಗೂ ಸಾಮಾನ್ಯವಾದುದು. ಪ್ಲೇಗಿನ ದಿನಗಳಲ್ಲಿ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ವಾಸಮಾಡಿದ ಸಂಗತಿಯು ಕನ್ನಡನಾಡಿನ ಅನೇಕ ಮನೆತನಗಳ ನೆನಪಿನಲ್ಲಿಯೂ ಉಂಟು. ಆದರೆ ಹೊರಡುವವನು ರೋಗವನ್ನು ತನ್ನೊಡನೆಯೇ ಒಯ್ಯುತ್ತಿದ್ದರೆ ಚದುರಿಸುವುದೇ ಬಿತ್ತುವುದಾಗುವುದು. ಈ ತೊಡಕನ್ನು ಒಂದೇ ವಿದ್ಯಾಪೀಠವು ೧೦೨ ವರ್ಷಗಳ ಅಂತರದಲ್ಲಿ ಎರಡು ಸಲ ಎದುರಿಸಬೇಕಾಯಿತು. ಅಮೆರಿಕದ ಉತ್ತರ ಕೆರೊಲಿನ ಸಂಸ್ಥಾನದ ಚಾಪೆಲ್ ಹಿಲ್ ವಿಶ್ವವಿದ್ಯಾನಿಲಯವೇ ಅದು. ಅದರ ಎರಡು ಅನುಭವಗಳನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

೨

೧೭೮೯ರಲ್ಲಿ ಶಾಸನದಿಂದ ಸ್ಥಾಪಿತವಾಗಿ ೧೭೯೫ರಲ್ಲಿ ಪಾಠಗಳನ್ನು ಆರಂಭಿಸಿದ ಈ ವಿದ್ಯಾಪೀಠಕ್ಕೆ ೧೯೧೪ರಲ್ಲಿ ಎಡ್ವರ್ಡ್ ಕಿಡರ್ ಗ್ರೇಹಾಮ್ ಅವರು ಅಧ್ಯಕ್ಷರಾದರು. ಅವರು ಮೊದಲು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದವರು. ವಿಶ್ವವಿದ್ಯಾನಿಲಯದ ಎಲ್ಲೆಯು ಅದರ ಆವರಣದ ಗೋಡೆಯಲ್ಲ, ಸಂಸ್ಥಾನದ ಎಲ್ಲೆಯೇ ಅದರ ಎಲ್ಲೆ ಎಂಬುದು ಅವರ ಆದರ್ಶ. ವಿದ್ಯೆಯು ರೈತನ ಮನೆಗೂ ಊರಿನ ಶಾಲೆಗೂ ಹರಿದುಹೋಗಬೇಕೆಂದು ಅವರು ದುಡಿದರು.

೧೯೧೮ರ ಶರತ್ಕಾಲದಲ್ಲಿ ಅಮೆರಿಕವು ಯುದ್ಧದಲ್ಲಿ ತೊಡಗಿದ್ದಿತು. ಅಕ್ಟೋಬರ್ ೧ರಂದು ದೇಶದ ೫೦೦ಕ್ಕೂ ಹೆಚ್ಚು ಕಾಲೇಜುಗಳಲ್ಲಿ ವಿದ್ಯಾರ್ಥಿ ಸೇನಾಶಿಕ್ಷಣ ದಳವು ಏಕಕಾಲದಲ್ಲಿ ಆರಂಭವಾಗಿ, ಸುಮಾರು ೧,೪೦,೦೦೦ ತರುಣರು ಸೈನಿಕರಾಗಿ ಪ್ರಮಾಣಮಾಡಿದರು. ವಿದ್ಯಾರ್ಥಿನಿಲಯಗಳು ಸೈನಿಕರ ಬ್ಯಾರಕ್ಕುಗಳಾದುವು. ಇಬ್ಬರಿದ್ದ ಕೊಠಡಿಯಲ್ಲಿ ಹೆಚ್ಚು ಜನ ಮಲಗಬೇಕಾಯಿತು; ಊಟ, ಕವಾಯತು, ಪಾಠ ಎಲ್ಲವೂ ಗುಂಪಿನಲ್ಲಿ. ಇನ್‌ಫ್ಲುಯೆಂಜ ಜ್ವರವು ದೇಶವನ್ನೆಲ್ಲ ವ್ಯಾಪಿಸಿದುದೂ ಅದೇ ತಿಂಗಳಿನಲ್ಲಿಯೇ. ರೋಗಕ್ಕೆ ಬೇಕಾಗಿದ್ದ ಏರ್ಪಾಡನ್ನು ಯುದ್ಧವೇ ಮಾಡಿಕೊಟ್ಟಿತೆಂದು ಹೇಳಬಹುದು. ತರುಣರನ್ನು ಮನೆಗೆ ಕಳುಹಿಸಲು ವಿದ್ಯಾಪೀಠಗಳಿಗೆ ಸ್ವಾತಂತ್ರ್ಯವಿರಲಿಲ್ಲ. ಅವರು ಆಗ ಸೇನೆಗೆ ಸೇರಿದವರು. ಆದುದರಿಂದ ಅನೇಕ ಕಡೆಗಳಲ್ಲಿ ಎರಡನೆಯ ಮಾರ್ಗವನ್ನೇ ಹಿಡಿದು, ಆವರಣಕ್ಕೆ ಕಾವಲು ಹಾಕಿ, ಸಭೆಗಳನ್ನು ನಿಲ್ಲಿಸಿ, ಜ್ವರ ಬಂದವರನ್ನು ಶುಶ್ರೂಷಾಲಯಕ್ಕೆ ಸಾಗಿಸಿ, ಅಲ್ಲಿ ಸ್ಥಳ ಸಾಲದಾದಾಗ ಬೇರೆ ಕಟ್ಟಡಗಳನ್ನು ತೆರವುಮಾಡಿಸಿದರು.

ರೋಗದ ಕಾರಣವೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೮೯೨ರಲ್ಲಿ ಜರ್ಮನಿಯ ಫೈಫರ್ ಎಂಬ ವಿದ್ವಾಂಸನು ವರ್ಣಿಸಿದ್ದ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಬಹುಮಂದಿ ವೈದ್ಯರು ನಂಬಿದ್ದರು. ವೈದ್ಯರ ಕೈಯಲ್ಲಿದ್ದ ಸಾಧನಗಳೆಂದರೆ ಹಾಸಿಗೆ, ಗಾಳಿ, ದಾದಿಯರ ಆರೈಕೆ ಇಷ್ಟೆ. ಸೇನಾಶಿಕ್ಷಣ ದಳದ ಪ್ರಾಂತ ನಿರ್ದೇಶಕರೂ ಆಗಿದ್ದ ಗ್ರೇಹಾಮ್ ಅವರು ಅದೇ ಜ್ವರಕ್ಕೆ ತುತ್ತಾಗಿ, ಅದು ನ್ಯುಮೋನಿಯಕ್ಕೆ ತಿರುಗಿ, ೧೯೧೮ರ ಅಕ್ಟೋಬರ್ ೨೬ರಂದು ತೀರಿಕೊಂಡರು. ಅವರಿಗೆ ಆಗ ೪೨ ವರ್ಷ ವಯಸ್ಸು. ಅವರ ಸ್ಥಾನದಲ್ಲಿ ಅಧ್ಯಾಪಕಮಂಡಲದ ಅಧ್ಯಕ್ಷರಾಗಿ ಆಡಳಿತವನ್ನು ವಹಿಸಿಕೊಂಡ ಮಾರ್ವಿನ್ ಹೆಂಡ್ರಿಕ್ಸ್ ಸ್ಟೇಸಿ ಅವರೂ ೧೯೧೯ರ ಜನವರಿಯಲ್ಲಿ ಅದೇ ಕಾಯಿಲೆಯಿಂದ ಮೃತರಾದರು. ಮೂರು ತಿಂಗಳೊಳಗೆ ಒಂದು ವಿದ್ಯಾಪೀಠವು ತನ್ನ ಇಬ್ಬರು ಮುಖ್ಯಸ್ಥರನ್ನು ಒಂದೇ ರೋಗದಿಂದ ಕಳೆದುಕೊಂಡಿತು.

ಆ ವರ್ಷ ಅಲ್ಲಿ ಓದುತ್ತಿದ್ದವರಲ್ಲಿ ಮುಂದೆ ಕಾದಂಬರಿಕಾರನಾಗಿ ಪ್ರಸಿದ್ಧನಾದ ತಾಮಸ್ ವುಲ್ಫ್ ಒಬ್ಬನು. ಅವನ ಅಣ್ಣ ಬೆನ್ ಎಂಬವನು ಆಷ್‌ವಿಲ್ ನಗರದ ಮನೆಯಲ್ಲಿ ಇನ್‌ಫ್ಲುಯೆಂಜದಿಂದ ಹಾಸಿಗೆ ಹಿಡಿದಿರಲು ಇವನಿಗೆ ಕರೆ ಬಂದಿತು; ಅಕ್ಟೋಬರ್ ೧೯ರಂದು ಅಣ್ಣನು ತೀರಿಕೊಂಡನು. ೧೯೨೯ರಲ್ಲಿ ಪ್ರಕಟವಾದ ‘ಲುಕ್ ಹೋಮ್‌ವರ್ಡ್, ಏಂಜಲ್’ ಎಂಬ ಕಾದಂಬರಿಯಲ್ಲಿ ಚಾಪೆಲ್ ಹಿಲ್ ಊರು ಪುಲ್‌ಪಿಟ್ ಹಿಲ್ ಎಂಬ ಹೆಸರಿನಿಂದ ಬಂದಿದೆ; ಆ ಮರಣದ ಚಿತ್ರವೂ ಅದರಲ್ಲಿದೆ. ವಿದ್ಯಾರ್ಥಿಯು ಒಂದು ಕಡೆ, ಅವನ ಮನೆಯವರು ಇನ್ನೊಂದು ಕಡೆ ಇರುವಾಗ ಸಾಂಕ್ರಾಮಿಕವು ಈ ಎರಡನ್ನೂ ಒಂದೇ ದಾರದಲ್ಲಿ ಕಟ್ಟುವುದೆಂಬುದನ್ನು ಅಂಕಿಅಂಶಗಳಿಗಿಂತ ಈ ಪ್ರಸಂಗವೇ ಚೆನ್ನಾಗಿ ತಿಳಿಸುವುದು.

೩

ತರುವಾಯದ ನೂರು ವರ್ಷಗಳಲ್ಲಿ ಜ್ಞಾನವು ಬಹುವಾಗಿ ಬೆಳೆಯಿತು. ೧೯೩೩ರಲ್ಲಿ ಲಂಡನ್ನಿನ ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ಮೂವರು ಮನುಷ್ಯರ ಇನ್‌ಫ್ಲುಯೆಂಜ ವೈರಸ್ಸನ್ನು ಪ್ರತ್ಯೇಕಿಸಿ ತೋರಿಸಿದರು. ೧೯೪೩ರಲ್ಲಿ ತಾಮಸ್ ಫ್ರಾನ್ಸಿಸ್ ಮೊದಲಾದವರು ಇನ್‌ಫ್ಲುಯೆಂಜ ಲಸಿಕೆಯ ದೊಡ್ಡ ಪ್ರಯೋಗವನ್ನು ನಡೆಸಿದುದು ವಿಶ್ವವಿದ್ಯಾನಿಲಯಗಳಲ್ಲಿದ್ದ ಸೇನಾವಿದ್ಯಾರ್ಥಿಗಳ ಮೇಲೆಯೇ ಎಂಬುದು ಗಮನಾರ್ಹ. ೧೯೧೮ರಲ್ಲಿ ರೋಗಕ್ಕೆ ಆಹಾರವಾದ ಏರ್ಪಾಡೇ ೧೯೪೩ರಲ್ಲಿ ಅದರ ನಿವಾರಣೆಯ ಪ್ರಯೋಗಶಾಲೆಯಾಯಿತು.

ಆದರೆ ಲಸಿಕೆಯೊಂದರಿಂದಲೇ ವಿದ್ಯಾರ್ಥಿನಿಲಯಗಳು ನಿರ್ಭಯವಾಗಲಿಲ್ಲ. ೨೦೦೬ರಲ್ಲಿ ಅಯೋವ ಮೊದಲಾದ ಸಂಸ್ಥಾನಗಳಲ್ಲಿ ಮಂಗನಬಾವು ಹರಡಿದಾಗ ಅಮೆರಿಕದಲ್ಲಿ ೬,೫೮೪ ಮಂದಿ ರೋಗಿಗಳೆಂದು ಎಣಿಕೆಯಾಯಿತು. ೧೮ರಿಂದ ೨೪ ವರ್ಷದವರಲ್ಲಿ ರೋಗವು ಎಲ್ಲರಿಗಿಂತ ಹೆಚ್ಚಾಗಿದ್ದು, ಅವರಲ್ಲಿ ಅನೇಕರು ಕಾಲೇಜು ವಿದ್ಯಾರ್ಥಿಗಳು, ಎರಡು ಸಲ ಲಸಿಕೆ ಹಾಕಿಸಿಕೊಂಡವರೂ ಬಹಳ. ರೋಗಿಯನ್ನು ೯ ದಿನ ಬೇರೆ ಇರಿಸಬೇಕೆಂದಿದ್ದ ಸಲಹೆಯನ್ನು ೨೦೦೮ರಲ್ಲಿ ೫ ದಿನಗಳಿಗೆ ಇಳಿಸಲಾಯಿತು. ಐದು ದಿನಗಳ ಅನಂತರ ರೋಗ ಹರಡುವ ಸಂಭವ ಕಡಿಮೆಯೆಂಬುದರ ಜೊತೆಗೆ, ಒಂಬತ್ತು ದಿನ ಕೊಠಡಿಯಲ್ಲಿ ಕೂತಿರೆಂದರೆ ತರುಣರು ಕೂರುವುದಿಲ್ಲವೆಂಬ ಅನುಭವವೂ ವೈದ್ಯರಿಗೆ ಆಗಿದ್ದಿತು. ಪಾಲಿಸಲಾಗದ ನಿಯಮಕ್ಕಿಂತ ಪಾಲಿಸಬಲ್ಲ ನಿಯಮವೇ ಮೇಲೆಂಬುದು ಇಲ್ಲಿನ ಪಾಠ.

೪

೨೦೨೦ರ ಮಾರ್ಚಿಯಲ್ಲಿ ಕೋವಿಡ್ ರೋಗವು ಹಬ್ಬಿದಾಗ ಲೋಕದ ವಿದ್ಯಾಪೀಠಗಳೆಲ್ಲ ಬಹುಮಟ್ಟಿಗೆ ಕೇಂಬ್ರಿಜ್ಜಿನ ಹಳೆಯ ಮಾರ್ಗವನ್ನೇ ಹಿಡಿದುವು. ಆಗಸ್ಟ್ ತಿಂಗಳಿನಲ್ಲಿ ಮರಳಿ ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಚಾಪೆಲ್ ಹಿಲ್ಲಿನಲ್ಲಿ ಕೊರೊನಾ ವೈರಸ್ಸುಗಳನ್ನು ಕುರಿತು ಬಹುಕಾಲದಿಂದ ಸಂಶೋಧನೆ ನಡೆಸಿದ ಪ್ರಸಿದ್ಧ ಪ್ರಯೋಗಶಾಲೆಯೂ ಹೆಸರಾಂತ ಸಾರ್ವಜನಿಕಾರೋಗ್ಯ ವಿದ್ಯಾಲಯವೂ ಇದ್ದುವು. ೧೯೧೮ರಲ್ಲಿದ್ದ ಅಜ್ಞಾನವು ೨೦೨೦ರಲ್ಲಿ ಇರಲಿಲ್ಲ. ಜುಲೈ ೨೯ರಂದು ಆ ಜಿಲ್ಲೆಯ ಆರೋಗ್ಯಾಧಿಕಾರಿಯು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದು, ಕಡೆಯ ಪಕ್ಷ ಮೊದಲಿನ ಐದು ವಾರಗಳ ಪಾಠಗಳನ್ನಾದರೂ ದೂರದಿಂದಲೇ ನಡೆಸಬೇಕೆಂದೂ, ಬೇರೆ ಗತಿಯಿಲ್ಲದವರಿಗೆ ಮಾತ್ರ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಕೊಡಬೇಕೆಂದೂ ಸಲಹೆ ಮಾಡಿದರು. ಆ ಸಲಹೆಯು ಅಂಗೀಕೃತವಾಗಲಿಲ್ಲ. ಬರುವವರೆಲ್ಲರಿಗೂ ರೋಗಪರೀಕ್ಷೆ ಮಾಡಿಸಬೇಕೆಂಬ ಕಡ್ಡಾಯವೂ ಇರಲಿಲ್ಲ. ಮುಖವಸ್ತ್ರ, ಅಂತರ, ಕೈತೊಳೆಯುವುದು ಇವುಗಳ ಮೇಲೆ ಭಾರ ಹಾಕಿ ಆಗಸ್ಟ್ ೧೦ರಂದು ತರಗತಿಗಳನ್ನು ತೆರೆದರು.

ಮೊದಲನೆಯ ವಾರ ಮುಗಿಯುವ ಮೊದಲೇ ವಿದ್ಯಾರ್ಥಿನಿಲಯಗಳಿಂದ ವರ್ತಮಾನ ಬರತೊಡಗಿತು. ಒಂದು ವಸತಿಯಲ್ಲಿ ಐದು ಅಥವಾ ಹೆಚ್ಚು ರೋಗಿಗಳು ಕಂಡುಬಂದರೆ ಅದನ್ನು ಒಂದು ಗುಚ್ಛವೆಂದು ಗಣಿಸುತ್ತಿದ್ದರು. ಅಂಥ ನಾಲ್ಕು ಗುಚ್ಛಗಳು ಮೂರು ದಿನಗಳಲ್ಲಿ ಪ್ರಕಟವಾದುವು. ಅವುಗಳಲ್ಲಿ ಒಂದು ಹಿಂಟನ್ ಜೇಮ್ಸ್ ನಿಲಯದ್ದು. ೧೭೯೫ರಲ್ಲಿ ಈ ವಿದ್ಯಾಪೀಠಕ್ಕೆ ಬಂದು ಸೇರಿದ ಮೊಟ್ಟಮೊದಲನೆಯ ವಿದ್ಯಾರ್ಥಿಯ ಹೆಸರು ಅದು. ಆಗಸ್ಟ್ ೧೭ರ ವೇಳೆಗೆ ೧೭೭ ವಿದ್ಯಾರ್ಥಿಗಳು ಪ್ರತ್ಯೇಕವಾಸದಲ್ಲಿಯೂ ೩೪೯ ಮಂದಿ ಕ್ವಾರಂಟೈನಿನಲ್ಲಿಯೂ ಇದ್ದರು. ಪರೀಕ್ಷಿಸಿದವರಲ್ಲಿ ರೋಗ ಕಂಡುಬಂದವರ ಪ್ರಮಾಣವು ಒಂದು ವಾರದಲ್ಲಿ ಶೇಕಡ ೨.೮ರಿಂದ ೧೩.೬ಕ್ಕೆ ಏರಿತು. ಆ ದಿನವೇ ಸಾರ್ವಜನಿಕಾರೋಗ್ಯ ವಿದ್ಯಾಲಯದ ಮುಖ್ಯಸ್ಥೆ ಬಾರ್ಬರಾ ರಿಮರ್ ಅವರು ಈ ಪ್ರಯತ್ನವನ್ನು ನಿಲ್ಲಿಸುವ ಕಾಲ ಬಂದಿದೆಯೆಂದು ಬಹಿರಂಗವಾಗಿ ಬರೆದರು. ಆಗಸ್ಟ್ ೧೯ರಿಂದ ಪದವಿಪೂರ್ವದ ವಿದ್ಯಾರ್ಥಿಗಳ ಪಾಠಗಳೆಲ್ಲ ದೂರದಿಂದ ನಡೆಯುವುವೆಂದು ಆಡಳಿತದವರು ಸಾರಿದರು. ಬಹುಮಂದಿ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹಿಂದಿರುಗಿದರು. ಮನೆಯಲ್ಲಿ ಅನುಕೂಲವಿಲ್ಲದವರಿಗೂ ವಿದೇಶಗಳಿಂದ ಬಂದವರಿಗೂ ಉಳಿಯಲು ಅವಕಾಶ ಕೊಡಲಾಯಿತು. ಹೋಗುವವರು ರೋಗವನ್ನು ಹೊತ್ತು ತಂದೆತಾಯಿಗಳ ಬಳಿಗೆ ಹೋಗಬಹುದೆಂಬ ೧೬೬೫ರ ಭಯವು ೨೦೨೦ರಲ್ಲಿ ಮತ್ತೆ ಎದುರು ನಿಂತಿತು.

ತರುಣರ ಕೂಟಗಳೇ ಇದಕ್ಕೆ ಕಾರಣವೆಂದು ದೂರಿದವರು ಹಲವರು. ಕೂಟಗಳು ನಡೆದುದು ನಿಜ. ಆದರೆ ಹದಿನೆಂಟು ವರ್ಷದವರು ಮನೆಯಿಂದ ಬಂದ ಮೊದಲ ವಾರದಲ್ಲಿ ಸ್ನೇಹವನ್ನು ಹುಡುಕುವರೆಂಬುದು ಯಾವ ಅಧ್ಯಾಪಕನಿಗೂ ಹೊಸ ಸಂಗತಿಯಲ್ಲ. ಸಹವಾಸಕ್ಕಾಗಿಯೇ ಕರೆದು, ಸಹವಾಸ ಮಾಡಿದರೆಂದು ದೂಷಿಸುವುದು ಪೂರ್ಣವಾದ ಉತ್ತರವಾಗಲಾರದು.

೫

ಅಲ್ಲಿಂದ ಸುಮಾರು ಹತ್ತು ಮೈಲಿ ದೂರದ ಡರ್ಹಮ್ ನಗರದಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯವಿದೆ. ಅದೂ ಅದೇ ತಿಂಗಳಿನಲ್ಲಿ ತೆರೆಯಿತು. ಆದರೆ ಮೂರನೆಯ ಮಾರ್ಗವನ್ನು ಹಿಡಿಯಿತು. ವಿದ್ಯಾರ್ಥಿನಿಲಯಗಳಲ್ಲಿ ಮುಖ್ಯವಾಗಿ ಮೊದಲ ಎರಡು ವರ್ಷಗಳವರಿಗೆ ಮಾತ್ರ ಸ್ಥಳ ಕೊಟ್ಟು, ಬಂದ ಕೂಡಲೆ ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ಅನಂತರವೂ ರೋಗಲಕ್ಷಣವಿಲ್ಲದವರನ್ನು ಪದೇ ಪದೇ ಪರೀಕ್ಷಿಸುವ ಕ್ರಮವನ್ನು ನಡೆಸಿತು. ಐವರ ಮೂಗಿನ ದ್ರವವನ್ನು ಒಟ್ಟುಗೂಡಿಸಿ ಒಂದೇ ಸಲ ನೋಡುವುದು. ಅದರಲ್ಲಿ ವೈರಸ್ಸು ಇಲ್ಲದಿದ್ದರೆ ಐವರೂ ನಿರ್ದೋಷಿಗಳು, ಇದ್ದರೆ ಒಬ್ಬೊಬ್ಬರನ್ನೇ ಬೇರೆ ನೋಡುವುದು. ರೋಗವು ವಿರಳವಾಗಿರುವವರೆಗೆ ಇದರಿಂದ ವೆಚ್ಚವೂ ಶ್ರಮವೂ ಬಹಳ ಉಳಿಯುವುವು. ಆಗಸ್ಟ್ ೨ರಿಂದ ಅಕ್ಟೋಬರ್ ೧೧ರವರೆಗೆ ೧೦,೨೬೫ ವಿದ್ಯಾರ್ಥಿಗಳಿಂದ ತೆಗೆದ ೬೮,೯೧೩ ಮಾದರಿಗಳಲ್ಲಿ ೮೪ರಲ್ಲಿ ಮಾತ್ರ ವೈರಸ್ಸು ಕಂಡಿತು. ರೋಗ ತಗುಲಿದವರಲ್ಲಿ ಸುಮಾರು ಅರ್ಧ ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ.

ಈ ಕೊನೆಯ ಸಂಗತಿಯಲ್ಲಿಯೇ ಮರ್ಮವಿರುವುದು. ೧೯೧೮ರ ಶುಶ್ರೂಷಾಲಯವು ಜ್ವರ ಬಂದವನು ಬಾಗಿಲಿಗೆ ಬರಲಿ ಎಂದು ಕಾಯುತ್ತಿದ್ದಿತು, ಬೇರೆ ಉಪಾಯವಿರಲಿಲ್ಲ. ೨೦೨೦ರಲ್ಲಿ ಕಾಯುತ್ತ ಕುಳಿತವರಿಗೆ ಅರ್ಧ ರೋಗವು ಮಾತ್ರ ಕಾಣುತ್ತಿದ್ದಿತು. ಡ್ಯೂಕ್ ಖಾಸಗಿಯಾದ, ಹೆಚ್ಚು ಧನಬಲವುಳ್ಳ ಸಂಸ್ಥೆಯೆಂಬುದನ್ನು ಮರೆಯಬಾರದು. ಚಾಪೆಲ್ ಹಿಲ್ ಸಂಸ್ಥಾನದ ಹದಿನೇಳು ವಿದ್ಯಾಸಂಸ್ಥೆಗಳ ಒಕ್ಕೂಟಕ್ಕೆ ಒಳಪಟ್ಟದ್ದು. ಆದರೂ ೨೦೨೧ರ ವಸಂತದಲ್ಲಿ ಚಾಪೆಲ್ ಹಿಲ್ಲಿನವರೂ ನಿಲಯವಾಸಿಗಳಿಗೆ ವಾರಕ್ಕೆ ಎರಡು ಸಲ ಪರೀಕ್ಷೆಯನ್ನು ಕಡ್ಡಾಯಮಾಡಿ ಪಾಠಗಳನ್ನು ನಡೆಸಿದುದರಿಂದ, ಹಿಂದಿನ ಕ್ರಮದ ಕೊರತೆಯನ್ನು ಅವರೇ ತಿದ್ದಿಕೊಂಡರೆಂದು ತಿಳಿಯಬಹುದು.

೬

ಮೇಲಿನ ವೃತ್ತಾಂತದಿಂದ ಹೊರಡುವ ಸಾರಾಂಶವಿಷ್ಟು. ೧೯೧೮ರಲ್ಲಿ ಸೇನೆಯ ಆಜ್ಞೆಯೂ ೨೦೨೦ರಲ್ಲಿ ಬಾಗಿಲು ತೆರೆಯಲೇಬೇಕೆಂಬ ಸಂಕಲ್ಪವೂ ತರುಣರನ್ನು ಒಂದೆಡೆ ಸೇರಿಸಿದುವು. ಎರಡು ಸಲವೂ ನಿಲಯದ ರಚನೆಯನ್ನು ಬದಲಾಯಿಸದೆ ನಿಯಮಗಳಿಂದ ಮಾತ್ರ ರೋಗವನ್ನು ತಡೆಯಲಾಗಲಿಲ್ಲ. ಮೊದಲನೆಯ ಸಲ ತಿಳಿವಳಿಕೆಯೇ ಇರಲಿಲ್ಲ. ಎರಡನೆಯ ಸಲ ತಿಳಿವಳಿಕೆಯು ಆವರಣದೊಳಗೇ ಇದ್ದರೂ ಅದು ನಿರ್ಣಯವಾಗಿ ಪರಿಣಮಿಸಲು ತಡವಾಯಿತು. ಸಂಸ್ಥಾನದ ಎಲ್ಲೆಯೇ ವಿದ್ಯಾಪೀಠದ ಎಲ್ಲೆಯೆಂದು ಗ್ರೇಹಾಮ್ ಅವರು ಹೇಳಿದುದು ವಿದ್ಯೆಯನ್ನು ಕುರಿತು. ರೋಗದ ವಿಷಯದಲ್ಲಿಯೂ ಅದು ಸತ್ಯವೆಂದು ಜಿಲ್ಲೆಯ ಆರೋಗ್ಯಾಧಿಕಾರಿಯ ಪತ್ರವು ನೆನಪುಮಾಡಿಕೊಟ್ಟಿತು. ವಿದ್ಯಾರ್ಥಿನಿಲಯದ ಕೊಠಡಿಗೂ ಊರಿನ ಮುದುಕರ ಮನೆಗೂ ನಡುವೆ ಗೋಡೆಯಿಲ್ಲವೆಂಬುದನ್ನು ಮೊದಲು ಒಪ್ಪಿ, ಆ ಮೇಲೆ ನಿಯಮಗಳನ್ನು ರಚಿಸುವ ವಿದ್ಯಾಪೀಠವೇ ತನ್ನ ವಿದ್ಯಾರ್ಥಿಗಳನ್ನೂ ನೆರೆಯವರನ್ನೂ ಕಾಪಾಡಬಲ್ಲುದು.