ಸುರುಳಿಯಿಂದ ಪರದೆಗೆ: ಪತ್ರಿಕಾ ಛಾಯಾಗ್ರಹಣದ ಒಂದು ಪಲ್ಲಟ

ಪತ್ರಿಕಾ ಛಾಯಾಗ್ರಹಣದ ಚರಿತ್ರೆಯನ್ನು ಕ್ಯಾಮೆರಾಗಳ ಚರಿತ್ರೆಯಾಗಿ ಬರೆಯುವ ರೂಢಿಯಲ್ಲಿ ಛಾಯಾಗ್ರಾಹಕನ ಅಭ್ಯಾಸಗಳು ಮರೆಯಾಗುತ್ತವೆ. 35 ಮಿಲಿಮೀಟರ್ ಫಿಲಂ ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳಿಗಷ್ಟೇ ಅವಕಾಶ. ಆದುದರಿಂದ ಅನಿರೀಕ್ಷಿತ ಘಟನೆಗೆಂದು ಕೊನೆಯ ಕೆಲವನ್ನು ಉಳಿಸಿಕೊಳ್ಳುವ ಜಾಣ್ಮೆ ವೃತ್ತಿಯ ಅಂಗವೇ ಆಗಿತ್ತು. ಫಲಿತಾಂಶ ತಿಳಿಯುತ್ತಿದ್ದುದು ಕತ್ತಲೆಕೋಣೆಯಲ್ಲಿ. ಆಯ್ಕೆ ನಡೆಯುತ್ತಿದ್ದುದು ಕಚೇರಿಯ ಮೇಜಿನ ಮೇಲೆ.

ಅಸೋಸಿಯೇಟೆಡ್ ಪ್ರೆಸ್ ಹಾಗೂ ಕೊಡಾಕ್ 1994ರಲ್ಲಿ ಹೊರತಂದ ಎನ್‌ಸಿ 2000 ಡಿಜಿಟಲ್ ಕ್ಯಾಮೆರಾಕ್ಕೆ ಚಿತ್ರ ತೋರುವ ಪರದೆಯಿರಲಿಲ್ಲ. ಕಾಣದೆ ನಂಬುವ ಹಳೆಯ ಅಭ್ಯಾಸಕ್ಕೆ ಅದು ಧಕ್ಕೆ ತರಲಿಲ್ಲ. 1999ರ ನಿಕಾನ್ ಡಿ1ರ ಬೆನ್ನಿಗೆ ಪರದೆಯಿತ್ತು. ಕ್ಲಿಕ್ಕಿಸಿದೊಡನೆ ತಲೆತಗ್ಗಿಸಿ ನೋಡುವ, ಬೇಡವಾದುದನ್ನು ಅಲ್ಲಿಯೇ ಅಳಿಸುವ ಚಾಳಿ ಇಂತಹ ಕ್ಯಾಮೆರಾಗಳೊಡನೆ ಹಬ್ಬಿತು. ಮುಖ್ಯ ಪಲ್ಲಟ ಇದೇ ಎಂದು ನನ್ನ ಎಣಿಕೆ. ಚಿತ್ರಗಳ ಸಂಖ್ಯೆ ಹೆಚ್ಚಿದ್ದು ಅಷ್ಟು ದೊಡ್ಡ ಸಂಗತಿಯಲ್ಲ.

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರು ಮೋನಿಕಾ ಲ್ಯೂಯಿನ್ಸ್ಕಿಯವರನ್ನು ಆಲಿಂಗಿಸಿದ ಚಿತ್ರವನ್ನು 1996ರ ನಿಧಿಸಂಗ್ರಹ ಸಮಾರಂಭವೊಂದರಲ್ಲಿ ಡರ್ಕ್ ಹಾಲ್‌ಸ್ಟೆಡ್ ಫಿಲಂನಲ್ಲಿ ತೆಗೆದಿದ್ದರು. ಆಗ ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. 1998ರಲ್ಲಿ ಹಗರಣ ಬಯಲಾದ ಬಳಿಕ ಸ್ಲೈಡುಗಳ ರಾಶಿಯನ್ನು ಜಾಲಾಡಿಸಿದಾಗ ದೊರೆತು, ‘ಟೈಮ್’ ಮುಖಪುಟವೇರಿತು. ಡಿಜಿಟಲ್ ಕ್ಯಾಮೆರಾ ಹಿಡಿದವರು ಅಂತಹ ಚಿತ್ರವನ್ನು ಅಳಿಸಿರುತ್ತಿದ್ದರೆಂಬುದು ಹಾಲ್‌ಸ್ಟೆಡ್ ಅವರದೇ ವಾದ.

ಹಾಗೆಂದು ಫಿಲಂಗಾಗಿ ಹಳಹಳಿಸಬೇಕಿಲ್ಲ. ಡಿಜಿಟಲ್ ಕಡತ ತೆಗೆದ ದಿನ, ಗಳಿಗೆಗಳನ್ನು ತನ್ನೊಳಗೇ ಹೊತ್ತಿರುತ್ತದೆ. ನೆಗೆಟಿವ್ ಲಕೋಟೆಗಳ ಮೇಲಿನ ಬರಹ ಅಷ್ಟು ನಿಖರವಲ್ಲ. ಕಡತಗಳ ಅನುಕ್ರಮ ಸಂಖ್ಯೆಯಲ್ಲಿ ಕಾಣುವ ಬಿರುಕುಗಳನ್ನೂ ಸಂಶೋಧಕನು ಗುರುತಿಸಿಕೊಳ್ಳಬೇಕು: ಅಳಿಸಿದ ಚಿತ್ರಗಳು ಅಲ್ಲಿದ್ದಿರಬಹುದು.