ಅತೃಪ್ತರು

‘ನಮ್ಮ ಕಡೆಯವರು ಅತೃಪ್ತರು ಸಾರ್, ಮಾರಾಟವಾದವರು ಅವರ ಕಡೆಯವರು.’ ಬಸ್ಸಿನ ಹಿಂದಿನ ಸೀಟಿನಿಂದ ಕೇಳಿಬಂದ ಮಾತಿದು. ಹೇಳಿದಾತನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಈ ‘ಅತೃಪ್ತ’ ರಾಜಕೀಯಕ್ಕೆ ಬಂದದ್ದು ಶ್ರಾದ್ಧದ ಮನೆಯಿಂದ ಎಂಬುದು ನನ್ನ ಬಲವಾದ ನಂಬಿಕೆ. ತಿಥಿಯ ದಿನ ಊಟ ಮುಗಿಯುವ ಹೊತ್ತಿಗೆ ಕರ್ತೃ ಎಲೆಗಳ ಮುಂದೆ ಕೈಮುಗಿದು, ತೃಪ್ತರಾದಿರಾ ಎಂದು ಕೇಳಬೇಕು. ಆದೆವು ಎಂದು ಅವರು ಬಾಯಿಬಿಟ್ಟು ಹೇಳುವವರೆಗೂ ನಮ್ಮಜ್ಜಿ ವಡೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದಳು. ಉಣ್ಣುವವರು ಇನ್ನೊಂದು ಬೇಕೆಂದರೆ ಇಲ್ಲವೆನ್ನುವಂತಿಲ್ಲ. ಅತೃಪ್ತರಾಗಿ ಹೋದ ಪಿತೃಗಳು ಮನೆಯನ್ನು ಕಾಡುತ್ತಾರೆಂಬ ಭಯ. ಅಸಮಾಧಾನವಾದರೆ ನಾಲ್ಕು ಒಳ್ಳೆಯ ಮಾತಿಗೆ ಇಳಿಯುತ್ತದೆ. ಅತೃಪ್ತಿಗೆ ಬಡಿಸಲೇಬೇಕು.

ಬಡಿಸುವುದಕ್ಕೂ ಮಿತಿಯಿದೆ. 2003ರ ಸಂವಿಧಾನ ತಿದ್ದುಪಡಿಯ ನಂತರ 224 ಶಾಸಕರ ನಮ್ಮ ಸದನದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂತ್ರಿಗಳಷ್ಟೇ. ಉಳಿದವರಿಗೆ ನಿಗಮ, ಮಂಡಳಿ, ಸಂಪುಟ ದರ್ಜೆ, ಕಾರು. ‘ಅತೃಪ್ತರಿಗೆ ನಿಗಮ ಭಾಗ್ಯ’ ಎಂದು ಟಿವಿಯವರು ಹಬ್ಬದ ಸಡಗರದಲ್ಲಿ ಓದುವಾಗ ನನಗೆ ಮೈಯುರಿಯುತ್ತದೆ. ನಿಗಮ ಇರುವುದು ಯಾರಿಗಾಗಿ? ಬೋರ್‌ವೆಲ್‌ಗೆ, ಸಾಲಕ್ಕೆ ಅರ್ಜಿ ಹಿಡಿದು ಅದರ ಬಾಗಿಲಲ್ಲಿ ಕಾಯುವವರನ್ನು ಯಾರೂ ಅತೃಪ್ತರೆನ್ನುವುದಿಲ್ಲ. ಅವರು ಬರೀ ಫಲಾನುಭವಿಗಳು.

‘ಉಂಡೂ ಹೋದ, ಕೊಂಡೂ ಹೋದ’ ಎಂಬ ಗಾದೆ ಇಲ್ಲಿ ಸಾಲದು. ಗಾದೆಯವನು ಒಂದೇ ಮನೆಯಲ್ಲಿ ಉಂಡು, ಅಲ್ಲಿಂದಲೇ ಕೊಂಡುಹೋದ. 2019ರಲ್ಲಿ ಅನರ್ಹಗೊಂಡ 17 ಶಾಸಕರು ಗೆದ್ದದ್ದು ಒಂದು ಚಿಹ್ನೆಯಲ್ಲಿ, ಸರ್ಕಾರ ಕಟ್ಟಿಕೊಟ್ಟದ್ದು ಇನ್ನೊಬ್ಬರಿಗೆ. ಡಿಸೆಂಬರ್ ಉಪಚುನಾವಣೆಯಲ್ಲಿ ಅವರ ಪೈಕಿ ಗೆದ್ದುಬಂದ 11 ಮಂದಿಯಲ್ಲಿ 10 ಜನ ಫೆಬ್ರುವರಿಯಲ್ಲಿ ಮಂತ್ರಿಗಳಾದರು. ಉಂಡದ್ದು ಒಂದು ಪಂಕ್ತಿಯಲ್ಲಿ, ದಕ್ಷಿಣೆ ಇನ್ನೊಂದರಲ್ಲಿ. ಇದಕ್ಕೆ ನಮ್ಮ ಹಿರಿಯರು ಗಾದೆ ಕಟ್ಟಿರಲಿಲ್ಲ.

ಇದು ಒಂದೇ ಪಕ್ಷದ ರೋಗವೂ ಅಲ್ಲ. 2010ರ ಅಕ್ಟೋಬರಿನಲ್ಲಿ ಸಭಾಧ್ಯಕ್ಷ ಬೋಪಯ್ಯನವರು ಬಿಜೆಪಿಯ 11 ಬಂಡಾಯಗಾರರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದಾಗ ಬಿಜೆಪಿಗೆ ಅದು ನ್ಯಾಯ, ಕಾಂಗ್ರೆಸ್ಸಿಗೂ ಜೆಡಿಎಸ್‌ಗೂ ಅನ್ಯಾಯ. ಸುಪ್ರೀಂ ಕೋರ್ಟ್ ಮರುವರ್ಷ ಆ ಆದೇಶವನ್ನು ರದ್ದುಮಾಡಿತು. 2019ರಲ್ಲಿ ರಮೇಶ್ ಕುಮಾರ್ ಆ ಕುರ್ಚಿಯಲ್ಲಿದ್ದರು. ನ್ಯಾಯ ಅನ್ಯಾಯಗಳು ಜಾಗ ಅದಲುಬದಲು ಮಾಡಿಕೊಂಡವು.

ಪತ್ರಿಕೆಯ ಮಿತ್ರರೇ, ದಾಟಿದವನು ಯಾವ ಕಡೆಯಿಂದಲೇ ದಾಟಲಿ, ‘ಪಕ್ಷಾಂತರಿ’ ಎಂದೇ ಅಚ್ಚುಮಾಡಿ. ‘ಅತೃಪ್ತ’ರನ್ನು ತಿಥಿಮನೆಗೆ ಬಿಟ್ಟುಕೊಡಿ.