ಬೊಂಬಾಯಿಯ ಕನ್ನಡ ರಾತ್ರಿಶಾಲೆಗಳು

ಮುಂಬಯಿಗೆ ಹೋದ ಕರಾವಳಿಯವರ ಕಥೆ ಸಾಮಾನ್ಯವಾಗಿ ಹೋಟೆಲಿನಿಂದ ಶುರುವಾಗುತ್ತದೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರು ಬರುತ್ತದೆ, ಇಡ್ಲಿ ದೋಸೆಗಳು ಮರಾಠಿ ಗುಜರಾತಿ ಗಿರಾಕಿಗಳ ಬಾಯಿಗೆ ಹಿಡಿಸಿದ ಬಗೆ ಬರುತ್ತದೆ, ಕಪ್ಪು ಬಸಿ ತೊಳೆಯುತ್ತಿದ್ದ ಹುಡುಗ ಮುಂದೆ ಗಲ್ಲದ ಮೇಲೆ ಕೂತ ವೃತ್ತಾಂತವೂ ಬರುತ್ತದೆ. ಇದು ಸುಳ್ಳಲ್ಲ, ಆದರೆ ಗೆದ್ದವರ ಕಥೆ. ಗಲ್ಲದ ಮೇಲೆ ಕೂತ ಒಬ್ಬ ಧಣಿಯ ಹಿಂದೆ ಮೇಜು ಒರೆಸಿದ, ನೀರು ಇಟ್ಟ, ಹಿಟ್ಟು ರುಬ್ಬಿದ ಹತ್ತಾರು ಮಾಣಿಗಳಿದ್ದರು. ಅವರಲ್ಲಿ ಬಹುಪಾಲು ಜನ ಹೋಟೆಲು ಹಾಕಲಿಲ್ಲ. ಗುಮಾಸ್ತರಾದರು, ಟೈಪಿಸ್ಟರಾದರು, ಬಂದರಿನಲ್ಲೋ ಮುನಿಸಿಪಾಲಿಟಿಯಲ್ಲೋ ಬ್ಯಾಂಕಿನಲ್ಲೋ ಸೇರಿಕೊಂಡರು, ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಆ ಊರಿನವರೇ ಆದರು. ಈ ದಾಟುವಿಕೆಗೆ ನೆರವಾದದ್ದು ಹೋಟೆಲಿಗಿಂತ ಹೆಚ್ಚಾಗಿ ರಾತ್ರಿಶಾಲೆ ಎಂಬುದು ನನ್ನ ವಾದ. ಅದರಲ್ಲೂ ಜಾತಿ ಸಂಘಗಳು, ಊರಿನವರ ಕೂಟಗಳು ಹುಟ್ಟುಹಾಕಿದ, ಕನ್ನಡದಲ್ಲಿ ಕಲಿಸುತ್ತಿದ್ದ ಶಾಲೆ. ಹೊರಗಿನಿಂದ ಬಂದವರು ನೆರೆಕರೆಯಲ್ಲಿ ಬೆರೆಯಬೇಕಾದರೆ ಮೊದಲು ತಮ್ಮವರ ಗುಂಪಿನಿಂದ ಹೊರಬರಬೇಕು ಎಂದು ನಂಬುವವರು ಈ ಶಾಲೆಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಯಾರು ವಲಸೆಗಾರ ಎಂಬುದೇ ಆ ಕಾಲದಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಕಾರವಾರ ಕುಮಟೆಯವರಿಗೆ ಬೊಂಬಾಯಿ ರಾಜಧಾನಿಯೇ ಆಯಿತು. ಧಾರವಾಡ, ಬೆಳಗಾವಿ, ಬಿಜಾಪುರದವರಿಗಂತೂ 1956ರವರೆಗೂ ಅದು ತಮ್ಮ ಸರಕಾರ ಇದ್ದ ಊರು. ಮದ್ರಾಸ್ ಪ್ರಾಂತದಲ್ಲೇ ಉಳಿದ ದಕ್ಷಿಣ ಕನ್ನಡದವರಿಗೆ ಮಾತ್ರ ಅದು ಪರಸೀಮೆ. ಆದರೂ ಹೆಚ್ಚು ಗಟ್ಟಿಯಾಗಿ ಬೇರೂರಿದವರಲ್ಲಿ ಇವರು ಮುಂದೆ. ಮದ್ರಾಸಿಗೆ ಹೋಗಲು ಘಟ್ಟ ಹತ್ತಿ ದೇಶವನ್ನೇ ಅಡ್ಡ ಹಾಯಬೇಕಿತ್ತು, ಬೊಂಬಾಯಿಗಾದರೆ ಮಂಗಳೂರಿನಲ್ಲಿ ಹಡಗು ಹತ್ತಿದರೆ ಸಾಕಿತ್ತು. ಕಡಲಿನ ಕಸುಬು ಗೊತ್ತಿದ್ದ ಮೊಗವೀರರು ಬೇಗನೆ ಹೋಗಿ ನೆಲೆಯೂರಿದ್ದರಲ್ಲಿ ಆಶ್ಚರ್ಯವಿಲ್ಲ. 1902ರಲ್ಲೇ ಅವರು ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು, 1908ರಲ್ಲಿ ಉಚಿತ ರಾತ್ರಿಶಾಲೆ ತೆರೆದರು. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಆಮೇಲೆ ಬಂದವು, ಅವೂ ಶಾಲೆಗಳನ್ನು ನಡೆಸಿದವು. ರಾತ್ರಿ ಕಲಿಸುವ ಕಲ್ಪನೆ ಇವರೇ ಹುಟ್ಟಿಸಿದ್ದೇನೂ ಅಲ್ಲ. ಜೋತಿರಾವ್ ಫುಲೆ ದಂಪತಿ 1855ರಲ್ಲಿ ಪುಣೆಯಲ್ಲಿ ದುಡಿಯುವ ಜನರಿಗಾಗಿ ರಾತ್ರಿಶಾಲೆ ತೆರೆದಿದ್ದರು. ಮರಾಠಿ ನೆಲದಲ್ಲಿ ಆಗಲೇ ಬೇರೂರಿದ್ದ ಏರ್ಪಾಡನ್ನು ಕರಾವಳಿಯವರು ತಮ್ಮ ನುಡಿಗೆ ಒಗ್ಗಿಸಿಕೊಂಡರು. ಬಂದು ಸೇರಿದ ನೆಲದಿಂದಲೇ ಎರವಲು ಪಡೆದ ಸಂಸ್ಥೆ ಇದು ಎಂಬುದು ಮರೆಯಬಾರದ ಸಂಗತಿ.

ಶಾಲೆ ನಡೆಯುತ್ತಿದ್ದ ಕ್ರಮವನ್ನು ಗಮನಿಸಿದರೆ ಅದರ ಶಕ್ತಿ ಎಲ್ಲಿತ್ತೆಂದು ತಿಳಿಯುತ್ತದೆ. ಹತ್ತು ಹನ್ನೆರಡು ವರ್ಷದ ಹುಡುಗ ಊರಿನ ನಂಟನ ಬೆನ್ನು ಹಿಡಿದು ಬರುತ್ತಿದ್ದ. ಊಟ ಹೋಟೆಲಿನದು, ಹಾಸಿಗೆ ಮುಚ್ಚಿದ ಹೋಟೆಲಿನ ಮೇಜೋ ನೆಲವೋ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿನಿಂದ ದುಡಿದು, ಸಂಜೆಯ ಗಿರಾಕಿ ಇಳಿಯುವ ಮೊದಲೇ ಅನುಮತಿ ಕೇಳಿ, ಅಂಗಿ ಬದಲಿಸಿ ಶಾಲೆಗೆ ಓಡಬೇಕು. ಪಾಠ ಹಗಲು ಬೇರೆ ಶಾಲೆ ನಡೆಯುವ ಕಟ್ಟಡದಲ್ಲಿ. ಎಷ್ಟೋ ಮೇಷ್ಟರು ಹಗಲು ಕಚೇರಿಯಲ್ಲೋ ಇನ್ನೊಂದು ಶಾಲೆಯಲ್ಲೋ ದುಡಿದು ಬಂದವರು. ಕಾಗದದ ಮೇಲೆ ಇದೊಂದು ಬಡ ಶಾಲೆ. ಆದರೆ ಅಲ್ಲಿ ಹುಡುಗನಿಗೆ ಅಕ್ಷರದ ಜೊತೆಗೆ ಬೇರೆ ಯಾರೂ ಕೊಡದ ಒಂದು ಸಿಗುತ್ತಿತ್ತು: ತನ್ನಂತೆಯೇ ಬಂದು ತನಗಿಂತ ನಾಲ್ಕು ವರ್ಷ ಮುಂದಿರುವವರ ಪರಿಚಯ. ಯಾವ ಕಂಪನಿಯಲ್ಲಿ ಜಾಗ ಖಾಲಿ ಇದೆ, ಅರ್ಜಿ ಹೇಗೆ ಬರೆಯಬೇಕು, ಯಾವ ಚಾಳಿನಲ್ಲಿ ಖೋಲಿ ಸಿಗುತ್ತದೆ, ಮೆಟ್ರಿಕ್ ಆದರೆ ಯಾರನ್ನು ಕಾಣಬೇಕು ಎಂಬ ಮಾತೆಲ್ಲ ಅಲ್ಲಿ ನಡೆಯುತ್ತಿತ್ತು. ಮೆಟ್ರಿಕ್ ದಾಟಿದವನಿಗೆ ಬ್ಯಾಂಕುಗಳಿದ್ದವು. 1906ರಲ್ಲಿ ಹುಟ್ಟಿದ ಕೆನರಾ ಮತ್ತು ಕಾರ್ಪೊರೇಶನ್, 1925ರ ಸಿಂಡಿಕೇಟ್, 1931ರ ವಿಜಯಾ, ಈ ನಾಲ್ಕೂ ಕರಾವಳಿಯಲ್ಲಿ ಹುಟ್ಟಿ ಬೊಂಬಾಯಿಗೆ ಕಾಲಿಟ್ಟವು. ಆ ಕೌಂಟರಿನ ಹಿಂದೆ ಕನ್ನಡ ತುಳು ಕೊಂಕಣಿ ಬಲ್ಲವನಿಗೆ ಕೀಳರಿಮೆಯ ಕಾರಣ ಇರಲಿಲ್ಲ. ಕೌಂಟರಿನ ಮುಂದೆ ನಿಲ್ಲುವ ಗಿರಾಕಿಯಾದರೋ ಮರಾಠಿಯವನು, ಗುಜರಾತಿಯವನು, ಸಿಂಧಿಯವನು.

ಇಲ್ಲಿ ನುಡಿಯ ವಿಷಯದಲ್ಲೊಂದು ಸೂಕ್ಷ್ಮವಿದೆ. ಈ ಹುಡುಗರಲ್ಲಿ ಹೆಚ್ಚಿನವರ ಮನೆಮಾತು ತುಳು. ಕನ್ನಡ ಅವರಿಗೆ ಊರಿನಲ್ಲೂ ಶಾಲೆಯ ಭಾಷೆಯೇ. ಬೊಂಬಾಯಿಯಲ್ಲಿ ಕನ್ನಡದಲ್ಲಿ ಕಲಿತದ್ದು ತಾಯ್ನುಡಿಗೆ ಅಂಟಿಕೊಂಡದ್ದಲ್ಲ, ಊರಿನಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ಬಿಟ್ಟಲ್ಲಿಂದ ಮುಂದುವರಿಸಿದ್ದು. ಐದನೇ ಇಯತ್ತೆ ಓದಿ ಬಂದವನನ್ನು ಮರಾಠಿ ಶಾಲೆಗೆ ಹಾಕಿದ್ದರೆ ಮತ್ತೆ ಒಂದನೆಯದರಿಂದ ಶುರು ಮಾಡಬೇಕಿತ್ತು. ದಿನವಿಡೀ ದುಡಿದು ದಣಿದ ಹನ್ನೆರಡರ ಹುಡುಗ ಆರು ವರ್ಷದ ಮಕ್ಕಳ ಜೊತೆ ಕೂರುವುದುಂಟೇ? ಮರಾಠಿ ಹಿಂದಿಗಳನ್ನು ಅವನು ಗಿರಾಕಿಯಿಂದ, ಚಾಳಿನ ನಲ್ಲಿಯ ಬಳಿಯ ಜಗಳದಿಂದ, ಲೋಕಲ್ ಗಾಡಿಯಿಂದ ಕಲಿತ. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಗುಜರಾತಿ, ಉರ್ದು, ತಮಿಳು, ತೆಲುಗುಗಳ ಜೊತೆ ಕನ್ನಡದಲ್ಲೂ ಶಾಲೆ ನಡೆಸಿಕೊಂಡು ಬಂದದ್ದು ಇದೇ ವ್ಯಾವಹಾರಿಕ ಬುದ್ಧಿಯಿಂದಿರಬೇಕು. ನಗರ ತನ್ನ ಕೂಲಿಗೆ ಬೇಕಾದ ಜನರ ಮಕ್ಕಳನ್ನು ಅವರಿರುವ ಹಂತದಲ್ಲೇ ಶಾಲೆಗೆ ಸೇರಿಸಿಕೊಂಡಿತು.

ಇದಕ್ಕೆ ಏಳುವ ಮೊದಲ ಆಕ್ಷೇಪ ಜಾತಿಯದು. ಊರಿನ ಜಾತಿಯನ್ನೇ ಹಡಗಿನಲ್ಲಿ ಹೇರಿಕೊಂಡು ಹೋಗಿ ಸಂಘದ ಬೋರ್ಡಿನ ಮೇಲೆ ಬರೆದರೆ ಅದನ್ನು ಬೆರೆಯುವುದು ಎನ್ನಲಾದೀತೇ? ಆಕ್ಷೇಪದಲ್ಲಿ ತಥ್ಯವಿದೆ. ಸಂಘಗಳು ತಂತಮ್ಮವರ ಮದುವೆ, ಚುನಾವಣೆ, ಮಾನಾಪಮಾನಗಳ ಕೂಟಗಳೂ ಆಗಿದ್ದವು, ಇಂದಿಗೂ ಆಗಿವೆ. ಆದರೆ ಬಾಗಿಲ ಮೇಲಿನ ಹೆಸರನ್ನೇ ತರಗತಿಯ ಬೆಂಚಿನ ಮೇಲೂ ಓದುವುದು ತಪ್ಪು. ಕನ್ನಡ ಓದುವ ದುಡಿಯುವ ಹುಡುಗರು ಒಂದೊಂದು ಬಡಾವಣೆಯಲ್ಲಿ ಬೆರಳೆಣಿಕೆಯಷ್ಟೇ ಇರುವಾಗ ಜಾತಿ ನೋಡಿ ಸೇರಿಸಿಕೊಂಡರೆ ತರಗತಿಯೇ ತುಂಬದು. ಊರಿನಲ್ಲಿ ಒಂದೇ ಚಾವಡಿಯಲ್ಲಿ ಕೂರದವರ ಮಕ್ಕಳು ಇಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಅನಿವಾರ್ಯತೆ ಹೀಗೆ ಬಂತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ರಾತ್ರಿಶಾಲೆ ಬಾಲಕಾರ್ಮಿಕ ಪದ್ಧತಿಗೆ ಹಾಕಿದ ಮುಸುಕು ಎಂಬುದು. ಸಂಘಕ್ಕೆ ದೇಣಿಗೆ ಕೊಡುವವರಲ್ಲಿ ಹೋಟೆಲು ಧಣಿಗಳೂ ಇದ್ದರು, ಮಗ ಓದುತ್ತಾನೆ ಎಂಬ ಆಸೆಗೆ ಊರಿನ ತಾಯಿ ಹುಡುಗನನ್ನು ಕಳಿಸುತ್ತಿದ್ದಳು, ಧಣಿಗೆ ಅಗ್ಗದ ಕೈ ಸಿಗುತ್ತಿತ್ತು. ಇದನ್ನು ಅಲ್ಲಗಳೆಯಲಾರೆ. ರಾತ್ರಿ ಓದಿ ಮುಂದೆ ಬಂದವರ ನೆನಪುಗಳು ನಮಗೆ ಸಿಗುತ್ತವೆ, ಮೂರನೇ ತಿಂಗಳಿಗೇ ನಿದ್ದೆ ತಡೆಯಲಾರದೆ ಶಾಲೆ ಬಿಟ್ಟವರನ್ನು ಯಾರೂ ಬರೆದಿಡಲಿಲ್ಲ. ಆದರೂ ಒಂದು ಮಾತಿದೆ. ಶಾಲೆ ಇಲ್ಲದಿದ್ದರೂ ಹುಡುಗರು ಬರುತ್ತಿದ್ದರು, ಏಕೆಂದರೆ ಅವರನ್ನು ತಳ್ಳುತ್ತಿದ್ದದ್ದು ಗೇಣಿಯ ಬಡತನ. ಹೀಗೆ ಬಂದವನಿಗೆ ಹೋಟೆಲು ಬಿಟ್ಟು ಹೋಗುವ ದಾರಿ ತೋರಿಸಿದ್ದು ಶಾಲೆ. ಧಣಿಯ ದೇಣಿಗೆಯಿಂದಲೇ ಓದಿದ ಹುಡುಗ ಧಣಿಯ ಕೆಲಸ ಬಿಟ್ಟ. 2006ರ ಅಕ್ಟೋಬರಿನಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು ಕೇಂದ್ರ ಸರಕಾರ ನಿಷೇಧಿಸಿದ್ದು ಸರಿಯೇ, ಅದು ಬಹಳ ಹಿಂದೆಯೇ ಆಗಬೇಕಿತ್ತು.

ಮೂರನೆಯದು ಚರಿತ್ರೆಯೇ ಎತ್ತುವ ಆಕ್ಷೇಪ. ಇವರು ನಿಜಕ್ಕೂ ಬೆರೆತಿದ್ದರೆ 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ಮೇಲೆ ಮುಗಿಬಿದ್ದದ್ದೇಕೆ? ಅದಕ್ಕೂ ಮೊದಲೇ ಅದರ ಸ್ಥಾಪಕರ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರಿನ ಪಟ್ಟಿ ಅಚ್ಚು ಹಾಕುತ್ತಿತ್ತು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ನಡೆದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು, ಉಡುಪಿ ಹೋಟೆಲುಗಳು ಕಲ್ಲೇಟು ತಿಂದವು. ಆ ಪಟ್ಟಿಯನ್ನೇ ಸ್ವಲ್ಪ ಯೋಚಿಸಿ ನೋಡಿ. ಅದರಲ್ಲಿದ್ದದ್ದು ಮಾಣಿಗಳ ಹೆಸರಲ್ಲ, ಕುರ್ಚಿಯಲ್ಲಿ ಕೂತವರ ಹೆಸರು. ಮೇಜು ಒರೆಸುವವರೆಗೆ ಯಾರಿಗೂ ಬೇಡವಾಗಿರದವನು ಮರಾಠಿ ತರುಣ ಬಯಸಿದ ಗುಮಾಸ್ತಗಿರಿಗೆ ಸ್ಪರ್ಧಿಯಾದಾಗ ಸಿಟ್ಟು ಹುಟ್ಟಿತು. ಬೆರೆಯದವನ ಮೇಲಿನ ಅಸಹನೆಗಿಂತ ಇದು ಬೇರೆಯೇ ಬಗೆಯ ಸಿಟ್ಟು. ಅದೇ ಹೊತ್ತಿನ ಇನ್ನೊಂದು ಘಟನೆಯನ್ನೂ ಪಕ್ಕದಲ್ಲಿಡಬೇಕು. 1949ರ ಸುಮಾರಿಗೆ ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯಲ್ಲಿ ಮಲಗಿ, ಹೋಟೆಲು ಮತ್ತು ಮುನಿಸಿಪಲ್ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫೆರ್ನಾಂಡಿಸ್ 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ದೊರೆಯನ್ನೇ ಸೋಲಿಸಿದರು. ಪಟ್ಟಿ ಅಚ್ಚಾದ ಊರಿನ ಮತದಾರರೇ ಕರಾವಳಿಯವನನ್ನು ಲೋಕಸಭೆಗೆ ಕಳಿಸಿದರು. ಕಾರ್ಮಿಕ ಸಂಘ ರಾತ್ರಿಶಾಲೆಯ ಸೋದರ ಸಂಸ್ಥೆ, ಅದರ ಕಥೆಯನ್ನು ಪ್ರತ್ಯೇಕವಾಗಿಯೇ ಹೇಳಬೇಕು.

ನನ್ನ ವಾದ ಸೋಲುವ ಜಾಗ ಬೇರೆ ಕಡೆ ಇದೆ. ರಾತ್ರಿಶಾಲೆಯ ಬಾಗಿಲು ಗಂಡುಮಕ್ಕಳದು. ಬಂಟ, ಬಿಲ್ಲವ, ಮೊಗವೀರ ಕುಟುಂಬಗಳು ಅಳಿಯಸಂತಾನದವು, ಹೆಣ್ಣಿಗೆ ತವರಿನ ಮನೆಯಲ್ಲಿ, ಭೂಮಿಯಲ್ಲಿ ಹಕ್ಕಿತ್ತು. ಆದ್ದರಿಂದ ಹೆಂಡತಿ ಊರಿನಲ್ಲೇ ಉಳಿಯುವುದು ಸಹಜವಾಗಿತ್ತು, ಗಂಡ ವರ್ಷಕ್ಕೊಮ್ಮೆ ಕೋಲಕ್ಕೋ ನೇಮಕ್ಕೋ ಬಂದು ಹೋಗುವವನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ಕಟ್ಟನ್ನು ಸಡಿಲಿಸಿತು, 1974ರ ಭೂಸುಧಾರಣೆ ಒಡೆಯರ ನೆಲವನ್ನು ಗೇಣಿದಾರರಿಗೆ ಕೊಟ್ಟಿತು. ಸಂಸಾರಗಳು ಘಾಟ್ಕೋಪರ್, ಮುಲುಂಡ್, ಡೊಂಬಿವಲಿಗಳ ಕಡೆ ಬಂದು ನೆಲೆಸಿದ್ದು ಹೆಚ್ಚಾಗಿ ಆಮೇಲೆ. ಅವರ ಮಕ್ಕಳು ಹಗಲು ಶಾಲೆಗೆ, ಅದೂ ಇಂಗ್ಲಿಷ್ ಶಾಲೆಗೆ ಹೋದರು. ರಾತ್ರಿಶಾಲೆ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ ಅದಕ್ಕೆ ಬರುವವರೇ ಇಲ್ಲವಾದರು. ಕನ್ನಡ ಸತ್ತಿತೆಂದು ಇದಕ್ಕಾಗಿ ಅಳುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ.

ಅಳಬೇಕಾದದ್ದು ಇದ್ದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೂಲಿಗೆ ಗುಳೆ ಹೋಗುವ ಸಂಸಾರಗಳ ವಿಷಯದಲ್ಲಿ. ಇವರ ಮಕ್ಕಳು ಮೊದಲ ದಿನದಿಂದಲೇ ಜೊತೆಗಿರುತ್ತಾರೆ, ಕಟ್ಟಡ ಮುಗಿದರೆ ಜಾಗ ಬದಲಿಸುತ್ತಾರೆ. ಇವರ ಹೆಸರಿನ ಭವನವಿಲ್ಲ, ಗಲ್ಲದ ಮೇಲೆ ಕೂತ ನಂಟನಿಲ್ಲ. ಕರಾವಳಿಯ ಸಂಘಗಳಿಗೆ ಇವರು ಕನ್ನಡಿಗರು ಹೌದು, ತಮ್ಮವರು ಅಲ್ಲ. 1908ರ ಮಾದರಿ ಕೆಲಸ ಮಾಡಿದ್ದು ಒಳಗೆ ಮೊದಲೇ ಒಬ್ಬ ತನ್ನವನು ಇದ್ದದ್ದರಿಂದ. ಹಾಗೆ ಯಾರೂ ಇಲ್ಲದವರಿಗೆ ಉಳಿದಿರುವುದು ಪಾಲಿಕೆಯ ಕನ್ನಡ ಶಾಲೆ, ಅಲ್ಲಿ ಈಗ 2020ರ ಕಾಯ್ದೆಯ ಪ್ರಕಾರ ಮರಾಠಿಯೂ ಕಡ್ಡಾಯ. ಆ ಕಡ್ಡಾಯದ ಬಗ್ಗೆ ನನಗೆ ತಕರಾರಿಲ್ಲ. ಕೆಲಸದ ಜಾಗ ಬದಲಾದಾಗ ಮಗುವಿನ ದಾಖಲಾತಿ ಮುಂದಿನ ಬಡಾವಣೆಯ ಶಾಲೆಗೆ ಅದರ ಹಿಂದೆಯೇ ಹೋಗುವಂತೆ ಯಾರು ನೋಡಿಕೊಳ್ಳುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ. ಸಂಘಗಳ ಕಾಲದಲ್ಲಿ ಅದನ್ನು ಮಾಡಲು ಒಬ್ಬ ಕಾರ್ಯದರ್ಶಿ ಇರುತ್ತಿದ್ದ.